ನಲವತ್ತೊಂದು ಕಟ್ಟಡ, ಒಂದು ಸಹಿ

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ನಮ್ಮ ರೆಸಿಫೆ ಊರಿನಲ್ಲಿ ಸೂರ್ಯನಿಗೆ ಅವಸರ ಜಾಸ್ತಿ; ಸಮುದ್ರದ ಕಡೆಯ ಕಿಟಕಿಗಳು ಆಗಲೇ ಬೆಳ್ಳಗಾಗಿವೆ. ಕಡಲದಂಡೆಯ ಒಂದು ಕಟ್ಟಡದ ಒಂಬತ್ತನೇ ಮಹಡಿಯಲ್ಲಿ, ಅರ್ಧ ತೆರೆದ ಬಾಗಿಲೊಂದರ ಹೊಸ್ತಿಲ ಮೇಲೆ ಇವಾನಿಲ್ಡಾ ಲಿರಾ ಮಂಡಿಯೂರಿ ಕೂತಿದ್ದಾರೆ. ಬಾಗಿಲು ತೆರೆದ ಮನೆಯೊಡತಿ ನೈಟಿಯಲ್ಲೇ ಕಾಫಿ ಸೋಸಲು ಒಳಗೆ ಹೋಗಿದ್ದಾಳೆ. ಇವಾನಿಲ್ಡಾ ಸ್ಮಾರ್ಟ್ ಬೀಗದ ಹಿಂಬದಿಯ ಮುಚ್ಚಳ ಸರಿಸಿ ನಾಲ್ಕು ಸೆಲ್ಲು ಹೊರತೆಗೆದು, ಒಂದೊಂದನ್ನೇ ಗೇಣೆತ್ತರದಿಂದ ನೆಲದ ಮೇಲೆ ಬೀಳಿಸುತ್ತಾರೆ. ಮೊದಲನೆಯದು ಪುಟಿದು ಉರುಳಿಹೋಗುತ್ತದೆ. ಎರಡನೆಯದು ದೊಪ್ಪನೆ ಬಿದ್ದು ಅಲ್ಲೇ ಉಳಿಯುತ್ತದೆ.

“ಪುಟಿಯೋದು ಸತ್ತಿರೋದು,” ಎನ್ನುತ್ತಾರೆ, ನನ್ನ ಕಡೆ ನೋಡದೆ. “ಜೀವ ಇರೋದು ಕುಣಿಯಲ್ಲ. ಒಂದು ಸತ್ತಿದ್ರೂ ನಾಲ್ಕನ್ನೂ ತೆಗೀಬೇಕು. ಸತ್ತಿದ್ದು ಬದುಕಿರೋದನ್ನ ತಿಂದಾಕುತ್ತೆ.”

ಆಮೇಲೆ ಜೇಬಿನಿಂದ ಅರ್ಧ ನಿಂಬೆಹಣ್ಣು, ಹಳೆಯ ಹಲ್ಲುಜ್ಜುವ ಬ್ರಶ್ಶು ಹೊರಬರುತ್ತವೆ. ಕಡಲ ಗಾಳಿಗೆ ಇಲ್ಲಿ ಎಲ್ಲದಕ್ಕೂ ಕಿಲುಬು ಹಿಡಿಯುತ್ತದೆ, ಬೀಗದ ಒಳಗಿನ ತಗಡಿನ ನಾಲಿಗೆಗಳಿಗೂ. ಆ ಹಸಿರನ್ನು ಹುಳಿ ಹಚ್ಚಿ ಉಜ್ಜಿ, ಅಂಗಿಯ ತುದಿಯಿಂದಲೇ ಒರೆಸಿ, ಹೊಸ ಸೆಲ್ಲು ಕೂರಿಸಿ, ಬೀಗವನ್ನು ಮೂರು ಸಲ ಹಾಕಿ ತೆಗೆದು ನೋಡುತ್ತಾರೆ. ಒಂದು ಬಾಗಿಲಿಗೆ ಎಂಟು ನಿಮಿಷ. ಸೆಲ್ಲು ಇರುವುದು ಬಾಗಿಲ ಒಳಮೈಯಲ್ಲಿ, ಹಾಗಾಗಿ ಮನೆಯವರು ಮನೆಯಲ್ಲಿರಬೇಕು. ಏಳು ಗಂಟೆಗೆಲ್ಲ ಜನ ಕೆಲಸಕ್ಕೆ ಹೊರಟುಬಿಡುತ್ತಾರೆ. ಇವಾನಿಲ್ಡಾ ಬದುಕು ಬೆಳಗಿನ ಈ ಎರಡು ಗಂಟೆಯಲ್ಲಿ ಓಡುತ್ತದೆ. ಉಳಿದ ಹೊತ್ತೆಲ್ಲ ಗೇಟು, ಗ್ಯಾರೇಜು, ಲಿಫ್ಟಿನ ಬಾಗಿಲು.

ವಯಸ್ಸು ನಲವತ್ತೇಳು. ದಿನಕ್ಕೆ ಮೂವತ್ತೈದು ಬಾಗಿಲು, ನೂರನಲವತ್ತು ಸೆಲ್ಲು, ನಲವತ್ತೊಂದು ಕಟ್ಟಡಗಳ ಸರದಿ. ಇಬೂರಾ ಗುಡ್ಡದಿಂದ ನಾಲ್ಕು ಗಂಟೆಯ ಬಸ್ಸು ಹಿಡಿಯುತ್ತಾರೆ. ಬಲಗೈ ಹೆಬ್ಬೆರಳಿನ ಉಗುರು ಮುಚ್ಚಳ ಎತ್ತಿ ಎತ್ತಿ ಬೆಳೆಯುವುದನ್ನೇ ಬಿಟ್ಟಿದೆ. ಮಂಡಿಗೆ ಹಳೆಯ ಚಪ್ಪಲಿಯ ರಬ್ಬರ್ ಕಟ್ಟಿಕೊಳ್ಳುತ್ತಾರೆ. ಇಪ್ಪತ್ತು ವರ್ಷದ ಹಿಂದೆ ಮಾವನ ಜೊತೆ ಕಟ್ಟಡಗಳ ಗಂಟೆ, ಇಂಟರ್‌ಕಾಂ ರಿಪೇರಿ ಮಾಡುತ್ತಿದ್ದವರು ಯಂತ್ರಗಳು ಬದಲಾದಂತೆ ತಾವೂ ಕಲಿತರು. ಈ ಬಡಾವಣೆಯಲ್ಲಿ ಅವರಷ್ಟು ಮನೆಗಳ ಹೊಸ್ತಿಲು ಕಂಡವರು ಇನ್ನೊಬ್ಬರಿಲ್ಲ, ಪಾದ್ರಿಯನ್ನೂ ಸೇರಿಸಿ.

ಇಷ್ಟೇ ಆಗಿದ್ದರೆ ಇದು ಕಷ್ಟಪಟ್ಟು ದುಡಿಯುವ ಹೆಂಗಸೊಬ್ಬರ ಕತೆಯಾಗುತ್ತಿತ್ತು. ನಾನು ಬರೆಯುವ ಭಾನುವಾರದ ಪುರವಣಿಗೆ ಅಷ್ಟು ಸಾಕು. ಓದುಗರು ಅಯ್ಯೋ ಪಾಪ ಅಂದು ಪುಟ ತಿರುಗಿಸುತ್ತಾರೆ. ಆದರೆ ಇವಾನಿಲ್ಡಾ ಪ್ರತಿ ಕಟ್ಟಡದಲ್ಲೂ ಕೆಲಸ ಮುಗಿದ ಮೇಲೆ ಒಂದು ಮಾತು ಕೇಳುತ್ತಾರೆ. ಒಂದೂವರೆ ವರ್ಷದಿಂದ ಕೇಳುತ್ತಿದ್ದಾರೆ. ನಲ್ಲಿ ಸೋರಿದ್ದು, ನಾಯಿ ಬೊಗಳಿದ್ದು, ಮೇಲಿನ ಮನೆಯವರು ಕುರ್ಚಿ ಎಳೆದದ್ದು ಎಲ್ಲವನ್ನೂ ನಿವಾಸಿಗಳು ಬರೆದು ಸಹಿ ಮಾಡುವ ಕಪ್ಪು ರಟ್ಟಿನ ಘಟನಾ ಪುಸ್ತಕವೊಂದು ಇಲ್ಲಿ ಪ್ರತಿ ಕಟ್ಟಡದಲ್ಲೂ ಇದೆ. ಅದರಲ್ಲಿ ಒಂದು ಸಾಲು ಬೇಕು ಅವರಿಗೆ: ಇಂಥ ದಿನ ನಮ್ಮ ಬಾಗಿಲು ನಮ್ಮ ಕಣ್ಣೆದುರೇ ತೆರೆಯಿತು, ತೆರೆದವರು ಯಾರೋ, ದಾಖಲೆಯಲ್ಲಿ ಬಿದ್ದ ಹೆಸರು ಇನ್ನಾರದೋ. ಕೆಳಗೆ ಒಬ್ಬ ನಿವಾಸಿಯ ಸಹಿ.

ಆ ಸಾಲು ಬೇಕಾಗಿರುವುದು ಜುಸಿಯಾರಾಗೆ. ಇವಾನಿಲ್ಡಾ ಮಗಳನ್ನು ದೀಕ್ಷಾಸ್ನಾನದ ದಿನ ಎತ್ತಿಕೊಂಡ ಧರ್ಮತಾಯಿ ಆಕೆ, ಅಂದರೆ ಇಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ. ನಮ್ಮಲ್ಲಿ ಆ ಸಂಬಂಧ ಒಡಹುಟ್ಟಿಗಿಂತ ಒಂದು ತೂಕ ಹೆಚ್ಚು. ಜುಸಿಯಾರಾ ದಂತವೈದ್ಯೆಯೊಬ್ಬರ ಮನೆಯಲ್ಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿದವರು. ಕಳೆದ ವರ್ಷ ಮಾರ್ಚಿನ ಒಂದು ಮಂಗಳವಾರ ಆ ಮನೆಯಿಂದ ಚಿನ್ನದ ಸರವೊಂದು, ಎರಡು ಕೈಗಡಿಯಾರ ಹೋದವು. ಬಾಗಿಲು ಮುರಿದಿರಲಿಲ್ಲ. ಮನೆಯೊಡತಿಯ ಫೋನಿಗೆ ಬರುವ ಬೀಗದ ದಾಖಲೆಯಲ್ಲಿ ಇದ್ದದ್ದು ಒಂದೇ ಸಾಲು: ಬೆಳಿಗ್ಗೆ ಒಂಬತ್ತು ಹದಿನಾಲ್ಕು, ಜುಸಿಯಾರಾ ಒಳಗೆ ಬಂದರು. ಆ ಹೊತ್ತಿಗೆ ಜುಸಿಯಾರಾ ಗುಡ್ಡದ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡದ ಮಾತ್ರೆಗೆ ಸಾಲಿನಲ್ಲಿದ್ದರು. ಅಲ್ಲಿ ಕೊಡುವ ಚೀಟಿಯಲ್ಲಿ ನಂಬರು ಇರುತ್ತದೆ, ಹೆಸರು ಇರುವುದಿಲ್ಲ.

ಮೂವತ್ತೆಂಟು ದಿನ ಒಳಗಿಟ್ಟು, ಕೇಸು ನಡೆಯಲಿ ಎಂದು ಹೊರಗೆ ಬಿಟ್ಟರು. ಬಿಟ್ಟದ್ದು ಹೆಸರಿಗೆ. ಬಡಾವಣೆಯ ಅರ್ಧ ಕಟ್ಟಡಗಳಲ್ಲಿ ಈಗ ಕಾವಲುಗಾರರಿಲ್ಲ, ಮುಖ ನೋಡಿ ಗೇಟು ತೆಗೆಯುವ ಯಂತ್ರವಿದೆ. ಎಲ್ಲವೂ ಒಂದೇ ಕಂಪನಿಯದು. ಒಂದು ಕಡೆ ತಡೆದ ಮುಖವನ್ನು ಅದು ಎಲ್ಲ ಕಡೆಯೂ ತಡೆಯುತ್ತದೆ. ಬೇರೆ ಮನೆಯ ಕೆಲಸ ಕೇಳಲು ಹೋದರೆ ಗೇಟಿನ ಸಿಹಿ ದನಿ ‘ಪ್ರವೇಶವಿಲ್ಲ, ಶುಭದಿನ’ ಎನ್ನುತ್ತದೆ.

ಇಬೂರಾದ ಮೆಟ್ಟಿಲು ಸಾಲಿನ ಮನೆಯಲ್ಲಿ ಜುಸಿಯಾರಾ ನನಗೆ ಮೆಕ್ಕೆಜೋಳದ ಕುಸ್ಕುಸ್ ಬಡಿಸುತ್ತಾರೆ, ಮೇಲೊಂದು ಹುರಿದ ಮೊಟ್ಟೆ. ತಾವು ತಿನ್ನುವುದಿಲ್ಲ. ಹನ್ನೆರಡು ಕೇಜಿ ಇಳಿದಿದ್ದಾರಂತೆ.

“ನನ್ನ ಮುಖ ಕಂಡ್ರೆ ಗೇಟಿಗೇ ಭಯ,” ಎನ್ನುತ್ತಾರೆ. “ನನ್ನ ಗಂಡ ಇದ್ದಾಗ್ಲೂ ಹೀಗೇ ಅಂತಿದ್ದ.”

“ಅವನು ಸುಳ್ಳು ಹೇಳ್ತಿದ್ದ ಕಣೇ,” ಎನ್ನುತ್ತಾರೆ ಇವಾನಿಲ್ಡಾ. “ಭಯ ಇದ್ದಿದ್ರೆ ಕುಡಿದು ಮನೆಗೆ ಬರ್ತಿದ್ನಾ?”

ಇಬ್ಬರೂ ನಗುತ್ತಾರೆ. ಜುಸಿಯಾರಾ ನಗು ಬೇಗ ನಿಲ್ಲುತ್ತದೆ. “ಕಳ್ಳಿ ಅಂದಿದ್ದು ಪೊಲೀಸಿನವ್ರು. ಅದು ಹೋಗ್ಲಿ. ಆದ್ರೆ ಆಯಮ್ಮ, ಅವಳ ಮಗುಗೆ ಜ್ವರ ಬಂದಾಗ ರಾತ್ರಿಯೆಲ್ಲ ಎತ್ಕೊಂಡು ತಿರುಗಿದ್ದೀನಿ ನಾನು. ಆಯಮ್ಮ ಒಂದ್ಸಲನೂ ನನ್ನನ್ನ ಕೇಳ್ಲಿಲ್ಲ, ಜುಸಿಯಾರಾ, ನೀನು ತಗೊಂಡ್ಯಾ ಅಂತ. ಕೇಳಿದ್ರೆ ಇಲ್ಲ ಅಂತಿದ್ದೆ. ಫೋನ್ ನೋಡಿದ್ಲು, ನಂಬಿದ್ಲು.”

ಫೋನು ತೋರಿಸಿದ್ದು ಸುಳ್ಳು ಎಂದು ಇವಾನಿಲ್ಡಾಗೆ ಗೊತ್ತಿತ್ತು, ಯಾಕೆಂದರೆ ಆ ಸುಳ್ಳಿನ ಬೀಗದ ಕೈಯನ್ನು ಇಟ್ಟವರು ಅವರೇ. ಪ್ರತಿ ಕಟ್ಟಡದ ಗ್ಯಾರೇಜಿನಲ್ಲಿ ಎಲ್ಲ ಬಾಗಿಲುಗಳನ್ನೂ ಆಳುವ ಒಂದು ತಗಡಿನ ಪೆಟ್ಟಿಗೆ ಇರುತ್ತದೆ. ಅದಕ್ಕೆ ಕಾರ್ಖಾನೆಯಿಂದ ಬಂದ ಆರಂಕಿಯ ಗುಪ್ತಸಂಖ್ಯೆಯೊಂದಿದೆ, ಎಲ್ಲ ಪೆಟ್ಟಿಗೆಗೂ ಒಂದೇ. ಅದನ್ನು ಒತ್ತಿದವನು ಯಾವ ಬಾಗಿಲನ್ನಾದರೂ ತೆರೆಯಬಹುದು. ಪಟ್ಟಿಯಲ್ಲಿ ಯಾರ ಹೆಸರು ಆರಿಸುತ್ತಾನೋ ಅವರೇ ತೆರೆದರೆಂದು ದಾಖಲೆ ಬರೆದುಕೊಳ್ಳುತ್ತದೆ. ಪೆಟ್ಟಿಗೆ ಕೂರಿಸಿದ ದಿನವೇ ಆ ಸಂಖ್ಯೆ ಬದಲಾಯಿಸಬೇಕು. ಈ ಕಸುಬಿನವರು ಬದಲಾಯಿಸುವುದಿಲ್ಲ. ಬದಲಾಯಿಸಿದವನನ್ನು ಸ್ವಾರ್ಥಿ ಎನ್ನುತ್ತಾರೆ. ಅಷ್ಟೇ ಅಲ್ಲ, ಆ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸುವುದು ಇವರ ಮರ್ಯಾದೆ.

“ನಾಳೆ ರಿಪೇರಿಗೆ ಬರೋನು ನಮ್ಮ ಥರಾನೇ ಹೊಟ್ಟೆಪಾಡಿನೋನು,” ಎನ್ನುತ್ತಾರೆ ಇವಾನಿಲ್ಡಾ. “ನಂಬರ್ ಗೊತ್ತಿಲ್ದೆ ಅವನು ದಿನವೆಲ್ಲ ಒದ್ದಾಡಬಾರ್ದು. ನಮ್ಮ ಮಾವ ಹೇಳ್ಕೊಟ್ಟಿದ್ದು. ನಾನು ಒಳ್ಳೇದು ಅಂತಾನೇ ಅಂಟಿಸ್ದೆ. ನಲವತ್ತೊಂದು ಪೆಟ್ಟಿಗೇಲೂ ನನ್ನ ಕೈಬರಹ. ಆ ಡಾಕ್ಟರಮ್ಮನ ಕಟ್ಟಡದ್ದರಲ್ಲೂ.”

ನಿವಾಸಿಗಳೇನು ಕಡಿಮೆಯಿಲ್ಲ. ತಮ್ಮ ತಮ್ಮ ಬಾಗಿಲಿಗೆ ನಾಲ್ಕಂಕಿ ಆರಿಸಿಕೊಳ್ಳಿ ಎಂದರೆ ಈ ಊರಿನವರು ತಮ್ಮ ಫುಟ್‌ಬಾಲ್ ತಂಡ ಗೆದ್ದ ವರ್ಷವನ್ನು ಇಡುತ್ತಾರೆ, ಅದೇ ತಂಡದ ಬಾವುಟವನ್ನು ಬಾಲ್ಕನಿಯಲ್ಲಿ ಕಟ್ಟುತ್ತಾರೆ. ಬೀದಿಯಲ್ಲಿ ನಿಂತು ಕತ್ತೆತ್ತಿದರೆ ಸಾಕು, ಯಾವ ಮನೆಗೆ ಯಾವ ಸಂಖ್ಯೆ ಎಂದು ತಿಳಿಯುತ್ತದೆ. ಬದಲಾಯಿಸಿ ಎಂದು ಇವಾನಿಲ್ಡಾ ಹೇಳಿದರೆ, ಎದುರಾಳಿ ತಂಡದವಳೇನೋ ಎಂದು ಅನುಮಾನದಿಂದ ನೋಡುತ್ತಾರೆ.

ಜುಸಿಯಾರಾ ಒಳಗಿದ್ದಾಗ ಇವಾನಿಲ್ಡಾ ಠಾಣೆಗೆ ಹೋಗಿ ಎಲ್ಲವನ್ನೂ ಹೇಳಿದರು. ಅಧಿಕಾರಿ ಗಮನವಿಟ್ಟು ಕೇಳಿ, “ಹಾಗಾದ್ರೆ ಆ ನಂಬರು ನಿಮಗೂ ಗೊತ್ತು,” ಎಂದ. ಅಷ್ಟೇ. ಅದನ್ನು ಬರೆದುಕೊಳ್ಳಲೂ ಇಲ್ಲ. ಕಂಪನಿಯವರು ನ್ಯಾಯಾಲಯಕ್ಕೆ ಪತ್ರ ಕೊಟ್ಟರು: ನಮ್ಮ ದಾಖಲೆ ತಪ್ಪಾಗುವುದು ಸಾಧ್ಯವಿಲ್ಲ. ಪತ್ರದ ಕಾಗದ ದಪ್ಪವಿತ್ತಂತೆ. ತಜ್ಞರಿಂದ ಪರೀಕ್ಷೆ ಮಾಡಿಸಲು ಎರಡು ವರ್ಷದ ಸರದಿ. ಬಡವರ ಪರವಾಗಿ ವಾದಿಸುವ ಸರ್ಕಾರಿ ವಕೀಲೆ ಒಳ್ಳೆಯ ಹುಡುಗಿ, ಕೈತುಂಬ ಮುನ್ನೂರು ಕೇಸು. ಅವಳು ಹೇಳಿದ್ದು: ಮನೆಯವರ ಒಪ್ಪಿಗೆಯಿಲ್ಲದೆ ಬಾಗಿಲು ತೆರೆದು ತೋರಿಸಿದರೆ ಅದೇ ಇನ್ನೊಂದು ಕೇಸಾಗುತ್ತದೆ, ಆದರೆ ಒಬ್ಬ ಮನೆಯವರು ಒಪ್ಪಿ, ಕಣ್ಣಾರೆ ಕಂಡು, ಘಟನಾ ಪುಸ್ತಕದಲ್ಲಿ ಬರೆದು ಸಹಿ ಮಾಡಿದರೆ ಆ ಹಾಳೆಯನ್ನು ನ್ಯಾಯಾಧೀಶರ ಮುಂದೆ ಇಡಬಲ್ಲೆ. ಹಾಳೆ ಸಿಗದಿದ್ದರೆ ಜುಸಿಯಾರಾ ಮತ್ತೆ ಒಳಗೆ ಹೋಗುತ್ತಾರೆ, ಈ ಸಲ ವರ್ಷಗಟ್ಟಲೆ. ತೀರ್ಪು ಬರುವ ಗುರುವಾರ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ನಮ್ಮವರು ಅದನ್ನೂ ಹಾಕುವುದಿಲ್ಲ. ನಾನು ಇವಾನಿಲ್ಡಾ ಹಿಂದೆ ಆರು ದಿನ ಸುತ್ತಿದೆ. ಕಟ್ಟಡಗಳ ಮೇಲ್ವಿಚಾರಣೆ ಹೊತ್ತ ಸಿಂಡಿಕೊಗಳು ಅವರನ್ನು ದೂರದಿಂದಲೇ ಗುರುತು ಹಿಡಿಯುತ್ತಾರೆ. ಒಬ್ಬ, ವಿಮೆಯವರು ಕೈ ಎತ್ತಿಬಿಡುತ್ತಾರೆ ಎಂದ. ಇನ್ನೊಬ್ಬ, ಸಾಮಾನ್ಯ ಸಭೆಯಲ್ಲಿ ತೀರ್ಮಾನವಾಗಬೇಕು ಎಂದ, ಸಭೆ ನವೆಂಬರಿನಲ್ಲಿ. ಒಬ್ಬ ವಯಸ್ಸಾದ ಹೆಂಗಸು ಮಾತ್ರ ಮನಸ್ಸಿನಲ್ಲಿದ್ದುದನ್ನು ಹೇಳಿದಳು. “ಮಗಳೇ, ಅವಳಲ್ಲ ಅಂದ್ರೆ ಮತ್ಯಾರು? ಅವಳೇ ಅಂದ್ಕೊಂಡ್ರೆ ನನಗೆ ನಿದ್ದೆ ಬರುತ್ತೆ.” ಇವಾನಿಲ್ಡಾ ಅವಳ ಬೀಗದ ಸೆಲ್ಲು ಬದಲಾಯಿಸಿ, ಕಿಲುಬು ಉಜ್ಜಿ, ಮೂರು ಸಲ ಹಾಕಿ ತೆಗೆದು ನೋಡಿ ಹೊರಟರು.

“ಚೀಟಿ ಕಿತ್ತಾಕ್ಬಹುದಲ್ಲ, ನಂಬರ್ ಬದಲಾಯಿಸ್ಬಹುದಲ್ಲ?” ಎಂದು ಕೇಳಿದೆ.

“ಕಿತ್ತಾಕಿದ್ರೆ ಆಗ ಇತ್ತು ಅನ್ನೋಕೆ ಏನಿದೆ? ಬದಲಾಯಿಸಿದ್ರೆ, ನೋಡಿ ಸ್ವಾಮಿ, ಬೀಗ ಗಟ್ಟಿಯಾಗಿದೆ, ಅವಳೇ ಕಳ್ಳಿ ಅಂತಾರೆ. ನಲವತ್ತೊಂದು ಕಟ್ಟಡಕ್ಕೆ ಕಳ್ಳ ಬರ್ಬಹುದು ಅಂತ ಗೊತ್ತಿದ್ದೂ ಹಾಗೇ ಬಿಟ್ಟಿದ್ದೀನಿ ಒಸ್ಮಾರ್ ಅವ್ರೇ. ಪಾಪ ಅಂದ್ರೆ ಇದೇ. ದಿನಾ ಬೆಳಿಗ್ಗೆ ಬಸ್ಸಲ್ಲಿ ಇದನ್ನೇ ಯೋಚಿಸ್ತೀನಿ.”

ಈಗ ನನ್ನ ಕಟ್ಟಡದ ವಿಷಯ ಹೇಳಬೇಕು. ಹೇಳದೆ ಮುಗಿಸಿಬಿಡೋಣ ಎಂದು ಎರಡು ದಿನ ಹೆಣಗಾಡಿದೆ. ಅವರ ಸರದಿಯ ಮೂವತ್ತಮೂರನೆಯದು ನನ್ನದೇ ಕಟ್ಟಡ. ನಾಲ್ಕು ವರ್ಷದ ಹಿಂದೆ ಕಾವಲುಗಾರರನ್ನು ತೆಗೆದು ಯಂತ್ರ ಹಾಕುವ ಸಭೆಯಲ್ಲಿ ಕೈ ಎತ್ತಿದವರಲ್ಲಿ ನಾನೂ ಒಬ್ಬ. ಹಾಗಾಗಿ ಕಳೆದ ಸೋಮವಾರ ನಾನೇ ಹೇಳಿದೆ, ನನ್ನ ಬಾಗಿಲಲ್ಲಿ ಮಾಡಿ ತೋರಿಸಿ, ಒಪ್ಪಿಗೆ ಇದೆ. ಅವರ ಮುಖದಲ್ಲಿ ಕಂಡ ಬೆಳಕನ್ನು ನಾನು ಮರೆಯಲಾರೆ, ಮರೆಯುವ ಯೋಗ್ಯತೆಯೂ ನನಗಿಲ್ಲ.

ಅವರು ಗ್ಯಾರೇಜಿಗೆ ಇಳಿದರು. ನಾನು ಮೇಲೆ ಮನೆಯೊಳಗೆ ಬಾಗಿಲನ್ನೇ ನೋಡುತ್ತ ನಿಂತೆ. ನಾಲ್ಕು ನಿಮಿಷವೂ ಆಗಿರಲಿಲ್ಲ; ಬೀಗ ಗರಗರ ಎಂದು ತಿರುಗಿ ಬಾಗಿಲು ತಾನಾಗಿ ಬಿಚ್ಚಿಕೊಂಡಿತು. ಹೊರಗೆ ಯಾರೂ ಇಲ್ಲ. ಕೈಯಲ್ಲಿದ್ದ ಫೋನು ನಡುಗಿತು. ‘ಜೆನುವೀನಾ ಒಳಗೆ ಬಂದರು, 6:12.’

ಜೆನುವೀನಾ ನನ್ನ ತಾಯಿ. ತೀರಿಕೊಂಡು ಎರಡು ವರ್ಷ ಕಳೆದಿದೆ. ಪಟ್ಟಿಯಿಂದ ಹೆಸರು ತೆಗೆಯಲು ನನಗೆ ಮನಸ್ಸಾಗಿರಲಿಲ್ಲ.

ಏದುಸಿರು ಬಿಡುತ್ತ ಮೇಲೆ ಬಂದ ಇವಾನಿಲ್ಡಾ ನನ್ನ ಮುಖ ನೋಡಿ ಗಾಬರಿಯಾದರು. ಪಟ್ಟಿಯಲ್ಲಿ ಮೊದಲು ಕಂಡ ಹೆಸರನ್ನು ಒತ್ತಿದ್ದರಂತೆ. ಯಾರೆಂದು ಹೇಳಿದಾಗ ಶಿಲುಬೆಯ ಗುರುತು ಹಾಕಿಕೊಂಡು ಮತ್ತೆ ಮತ್ತೆ ಕ್ಷಮೆ ಕೇಳಿದರು. ಆಮೇಲೆ ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಸತ್ತವರು ಬಾಗಿಲು ತೆರೆದರೆಂದು ಯಂತ್ರ ಬರೆದುಕೊಂಡಿದೆ. ಇದಕ್ಕಿಂತ ಬೇರೆ ಸಾಕ್ಷಿ ಯಾವ ನ್ಯಾಯಾಲಯಕ್ಕೆ ಬೇಕು? ನಾನು ಅವರನ್ನು ಕರೆದುಕೊಂಡು ಕೆಳಗಿಳಿದು ಘಟನಾ ಪುಸ್ತಕ ತೆರೆದೆ. ತಾರೀಕು ಬರೆದೆ. ಗಂಟೆ ಬರೆದೆ.

ಅಷ್ಟರಲ್ಲಿ ನಮ್ಮ ಸಿಂಡಿಕೊ ಎವೆರಾಲ್ಡೊ ನಡಿಗೆ ಮುಗಿಸಿ ಬಂದ. ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದವನು, ದನಿ ಎತ್ತುವವನಲ್ಲ. ಪುಸ್ತಕದ ಮೇಲೆ ಕೈಯಿಟ್ಟು ನನ್ನನ್ನು ಪಕ್ಕಕ್ಕೆ ಕರೆದ.

“ಮಾರಾಯ, ನಿನ್ನ ಮನೆ ನೋಡೋಕೆ ಶನಿವಾರ ಜನ ಬರ್ತಿದ್ದಾರಲ್ವಾ? ಬಂದೋರು ಮೊದ್ಲು ಓದೋದು ಈ ಪುಸ್ತಕಾನೇ.”

ಹೌದು. ನನ್ನ ಮನೆ ಮಾರಾಟಕ್ಕಿದೆ. ಅಮ್ಮ ಹೋದ ಮೇಲೆ ಅಲ್ಲಿರಲು ಆಗುತ್ತಿಲ್ಲ, ಒಂದೂವರೆ ವರ್ಷದಿಂದ ಒಬ್ಬನೂ ಕೇಳಿರಲಿಲ್ಲ. ನಾನು ಪೆನ್ನು ಹಿಡಿದೇ ನಿಂತಿದ್ದೆ. ಇವಾನಿಲ್ಡಾ ಬಾಗಿಲ ಹತ್ತಿರ, ಚೀಲವನ್ನು ಎರಡೂ ಕೈಯಲ್ಲಿ ಹಿಡಿದು, ನೆಲ ನೋಡುತ್ತಿದ್ದರು.

ಬಂದು ಹೇಳಿದೆ, ದೊನಾ ಇವಾನಿಲ್ಡಾ, ಒಂದು ಸಾಲಿನಿಂದ ಏನಾಗುತ್ತದೆ, ನಾನು ಪತ್ರಿಕೆಯಲ್ಲಿ ಇಡೀ ಪುಟ ಬರೆಯುತ್ತೇನೆ, ಊರಿಗೆ ಊರೇ ಓದುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವನ ಮಾತು ಎಷ್ಟು ನುಣುಪಾಗಿರುತ್ತದೆ ಎಂದು ಹೇಳುವಾಗಲೇ ನನಗೆ ತಿಳಿಯುತ್ತಿತ್ತು.

“ಪೇಪರ್‌ನಲ್ಲಿ ಮೀನು ಕಟ್ಬಹುದು ಒಸ್ಮಾರ್ ಅವ್ರೇ,” ಎಂದರು ಮೆಲ್ಲಗೆ. “ಜಡ್ಜ್ ಮುಂದೆ ಇಡೋಕಾಗಲ್ಲ.”

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಮೂವತ್ತಮೂರನೆಯ ಕಟ್ಟಡದಲ್ಲೂ ಸಿಗಲಿಲ್ಲ ಎಂದು ಚೀಲ ಹೆಗಲಿಗೇರಿಸಿ ಮೂವತ್ತನಾಲ್ಕನೆಯದಕ್ಕೆ ಹೋದರು. ಕಟ್ಟಡದ ಹೆಸರನ್ನು ನಾನು ಇಲ್ಲಿ ಬರೆದಿಲ್ಲ, ಓದುಗರು ಗಮನಿಸಿರಬಹುದು. ಇತರರ ಹೇಡಿತನದ ಬಗ್ಗೆ ಮೂವತ್ತು ವರ್ಷ ಬರೆದು ಅನ್ನ ತಿಂದಿದ್ದೇನೆ. ನನ್ನ ಹೇಡಿತನ ಮೀರಲು ಒಂದು ಸಾಲು ಸಾಕಿತ್ತು, ಬರೆಯಲಿಲ್ಲ. ಶನಿವಾರ ಬರುತ್ತೇವೆಂದವರು ಇನ್ನೊಂದು ವಾರ ಮುಂದೂಡಿದ್ದಾರೆ.

ನಿನ್ನೆ ಪುಟ ಅಚ್ಚಿಗೆ ಹೋಗುವ ಮೊದಲು ಬಸ್ ನಿಲ್ದಾಣದಲ್ಲಿ ಅವರನ್ನು ಕಂಡೆ. ನಲವತ್ತೊಂದನೆಯದೂ ಮುಗಿದಿತ್ತು. ಗುರುವಾರ ತಾವೇ ನ್ಯಾಯಾಧೀಶರ ಮುಂದೆ ನಿಂತು, ಚೀಟಿ ಬರೆದದ್ದು ನಾನು, ನಂಬರು ಗೊತ್ತಿದ್ದದ್ದು ನನಗೆ ಎಂದು ಹೇಳುತ್ತಾರಂತೆ. ಬೇಡ, ಅವರು ನಿಮ್ಮನ್ನೇ ಹಿಡಿಯುತ್ತಾರೆ ಎಂದು ವಕೀಲೆ ಕೈಮುಗಿದಳಂತೆ.

“ಹಿಡೀಲಿ. ನನ್ನನ್ನ ಅನುಮಾನಿಸಿದ್ರೆ ಅವಳ ಮೇಲಿನ ಅನುಮಾನ ಅಷ್ಟು ಕಮ್ಮಿ ಆಗುತ್ತಲ್ಲ,” ಎಂದರು. ಆಮೇಲೆ ಚೀಲದಿಂದ ಮಡಚಿದ ಕಾಗದವೊಂದನ್ನು ತೆಗೆದು ನನ್ನ ಕೈಗಿತ್ತರು. ದುಂಡನೆಯ ಅಕ್ಷರದಲ್ಲಿ ಹನ್ನೊಂದು ಮನೆಗಳ ವಿಳಾಸ.

“ಇವಕ್ಕೆ ಸೆಲ್ಲು ಇನ್ನೆರಡು ವಾರ ಬರ್ಬಹುದು, ಅಷ್ಟೇ. ಗುರುವಾರ ನನ್ನನ್ನ ಅಲ್ಲೇ ಇಟ್ಕೊಂಡ್ರೆ ಯಾರಿಗಾದ್ರೂ ಹೇಳಿ ಹಾಕ್ಸಿ. ಪಾಪ, ಜನ ಕೆಲಸ ಮುಗಿಸಿ ಸುಸ್ತಾಗಿ ಬರ್ತಾರೆ. ಹೊರಗೆ ನಿಲ್ಲಬಾರ್ದು.”

ಬಸ್ಸು ಬಂತು, ಹತ್ತಿದರು. ನಾನು ಕಾಗದ ಬಿಚ್ಚಿ ಓದಿದೆ. ನಾಲ್ಕನೆಯದು ನನ್ನ ಮನೆ.